14 ಗೋಲುಗಳ ಲೆಕ್ಕ

ಕಂಠೀರವ ಕ್ರೀಡಾಂಗಣದ ಪಶ್ಚಿಮದ ಸಾಲುಗಳಲ್ಲಿ ಕುಳಿತು ಕೂಗುವ ಕಾಲ್ಚೆಂಡಿನ ಅಭಿಮಾನಿಗಳಲ್ಲಿ ಒಂದು ವಾದ ಇನ್ನೂ ಮುಗಿದಂತಿಲ್ಲ. 2023–24ರ ಇಂಡಿಯನ್ ಸೂಪರ್ ಲೀಗಿನಲ್ಲಿ 12 ತಂಡಗಳ ನಡುವೆ 10ನೆಯದಾಗಿ ಕುಸಿದಿದ್ದ ಬೆಂಗಳೂರು ಎಫ್‌ಸಿ, ಮರುವರ್ಷವೇ 3ನೆಯ ಸ್ಥಾನಕ್ಕೇರಿತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯ ಅಂತಿಮ ಪಂದ್ಯದಲ್ಲಿ, ಹೆಚ್ಚುವರಿ ವೇಳೆಯಲ್ಲಿ, ಮೋಹನ್ ಬಾಗಾನ್ ತಂಡಕ್ಕೆ 2–1ರಿಂದ ಸೋತಿತು. ತಂಡ ಮತ್ತೆ ಎದ್ದಿತೆಂದು ಕೆಲವರ ಹಿಗ್ಗು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಉಳಿದವರ ಹಲುಬು.

ನನ್ನ ಕಣ್ಣು ನೆಡುವುದು ಬೇರೊಂದು ಅಂಕಿಯ ಮೇಲೆ. ಆ ಋತುವಿನ ಲೀಗಿನಲ್ಲಿ ಸುನಿಲ್ ಛೇತ್ರಿಯವರು ಹೊಡೆದ ಗೋಲುಗಳು 14. ಆಗ ಅವರ ವಯಸ್ಸು 40. ಭಾರತೀಯ ಆಟಗಾರರಲ್ಲಿ ಅಷ್ಟು ಗೋಲು ಹೊಡೆದವರು ಬೇರೊಬ್ಬರಿಲ್ಲ. ಕೊಂಡಾಡೋಣ; ಬೇಡವೆನ್ನುವಷ್ಟು ಅರಸಿಕ ನಾನಲ್ಲ. ಆದರೆ 2013ರಲ್ಲಿ ತಂಡ ಹುಟ್ಟಿದಾಗ ನಾಯಕರಾಗಿದ್ದವರೇ ಇಷ್ಟು ವರ್ಷಗಳ ಮೇಲೂ ನೊಗಕ್ಕೆ ಹೆಗಲು ಕೊಡಬೇಕಾಯಿತೆಂದರೆ, ಅಲ್ಲಿ ನಮ್ಮ ಬಡತನವೂ ಕಾಣಿಸುತ್ತದೆ. 2024ರ ಜೂನ್‌ನಲ್ಲಿ ರಾಷ್ಟ್ರತಂಡದಿಂದ ನಿವೃತ್ತರಾದವರು 2025ರ ಮಾರ್ಚಿನಲ್ಲಿ ಮರಳಿ ಬರಬೇಕಾದುದೂ ಇದೇ ಕಥೆಯಲ್ಲವೆ? ನಮ್ಮ ಲೀಗಿನ ತಂಡಗಳು ಗೋಲು ಹೊಡೆಯುವ ಜಾಗವನ್ನು ಬಹುಮಟ್ಟಿಗೆ ವಿದೇಶೀಯರಿಗೆ ಕೊಟ್ಟುಬಿಟ್ಟಿವೆ. ತರಬೇತುದಾರನನ್ನು ಇಡಬೇಕೋ ತೆಗೆಯಬೇಕೋ ಎಂಬ ಜಗಳ ಸಾಕು. ಮುಂಚೂಣಿಯಲ್ಲಿ ಇಪ್ಪತ್ತರ ಹುಡುಗನೊಬ್ಬನಿಗೆ ಎಷ್ಟು ನಿಮಿಷಗಳ ಆಟ ಸಿಕ್ಕಿತೆಂದು ಅಭಿಮಾನಿಗಳು ಪ್ರತಿ ಪಂದ್ಯದ ಬಳಿಕವೂ ಕೇಳಲಿ.