ಲಗ್ನಪತ್ರಿಕೆಗೆ ಮೂರು ಪ್ರೂಫ್, ಮಗಳ ಅರ್ಜಿಗೆ ಒಂದೂ ಇಲ್ಲ!



ಎಂ.ಬಿ.ಎ. ಓದಬೇಕೆಂದು ಹೊರಟ ಶಿಕಾರಿಪುರ, ಸೊರಬದ ನಮ್ಮ ಮಕ್ಕಳು ಎಲ್ಲಿ ಸೋಲುತ್ತಿದ್ದಾರೆ ಗೊತ್ತೆ? ಲೆಕ್ಕದಲ್ಲಲ್ಲ, ಬುದ್ಧಿಯಲ್ಲಲ್ಲ. ಕಾಗದದಲ್ಲಿ! ಪರೀಕ್ಷಾ ಕೊಠಡಿಗೆ ಕಾಲಿಡುವ ಮೊದಲೇ, ಅರ್ಜಿ ತುಂಬುವ ಹಂತದಲ್ಲೇ ಎಷ್ಟೋ ಮಕ್ಕಳ ದಾರಿ ಮುಚ್ಚಿಹೋಗುತ್ತದೆ. ಈ ಸೋಲಿಗೆ ಅಂಕಪಟ್ಟಿ ಇಲ್ಲ. ಆದ್ದರಿಂದ ಇದು ಯಾವ ದಿನಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಮುದ್ರಣಾಲಯ ನಡೆಸುವ ನಮ್ಮಂಥವರಿಗೆ ಇದು ದಿನನಿತ್ಯದ ನೋಟ. ಮಗಳ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟ ತಂದೆ ಮೂರು ಸಲ ಪ್ರೂಫ್ ನೋಡುತ್ತಾನೆ. ಸೋದರಮಾವನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋದರೂ ಸುಮ್ಮನಿರುವುದಿಲ್ಲ. ಅದೇ ಮಗಳ ಕಾಲೇಜು ಅರ್ಜಿಯ ಮಾತು ಬಂದಾಗ "ನೀವೇ ನೋಡಿ ಹಾಕಿಬಿಡಿ ಸಾರ್" ಎಂದು ದೂರ ನಿಲ್ಲುತ್ತಾನೆ. ಯಾಕೆ? ಮಗಳ ಮೇಲೆ ಪ್ರೀತಿ ಕಡಿಮೆಯೆ? ಖಂಡಿತ ಅಲ್ಲ. ಲಗ್ನಪತ್ರಿಕೆ ಕನ್ನಡದಲ್ಲಿದೆ, ಅರ್ಜಿ ಇಂಗ್ಲಿಷಿನಲ್ಲಿದೆ. ಅಷ್ಟೇ ವ್ಯತ್ಯಾಸ. ಹೆತ್ತವರು ಓದಲಾರದ ಭಾಷೆಯಲ್ಲಿ ಮಕ್ಕಳ ಹಣೆಬರಹ ಬರೆಯಲಾಗುತ್ತಿದೆ!

ಮೊದಲು ಹೆಸರಿನ ಗೋಳು ನೋಡಿ. ಹುಚ್ಚರಾಯಸ್ವಾಮಿಯ ಹೆಸರಿಟ್ಟುಕೊಂಡವರು ಶಿಕಾರಿಪುರದಲ್ಲಿ ಕೇರಿಗೊಬ್ಬರು ಸಿಗುತ್ತಾರೆ. ಚಂದ್ರಗುತ್ತಿಯ ರೇಣುಕಾಂಬೆಯ ಹೆಸರಿನ ಹೆಣ್ಣುಮಕ್ಕಳು ಸೊರಬದ ಊರೂರಿನಲ್ಲಿದ್ದಾರೆ. ಕನ್ನಡದಲ್ಲಿ ಬರೆದರೆ ಈ ಹೆಸರುಗಳಿಗೆ ಒಂದೇ ರೂಪ. ಇಂಗ್ಲಿಷಿನಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಒಂದು ತರ, ಆಧಾರ್ ಇನ್ನೊಂದು ತರ, ಪಾನ್ ಕಾರ್ಡ್ ಮತ್ತೊಂದು ತರ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮಗದೊಂದು ಕಡೆ ಅಪ್ಪನ ಹೆಸರೇ ಪೂರ್ತಿ. ಜಿಲ್ಲೆಯ ಹೆಸರಿಗೂ ಇದೇ ಪಾಡು. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಎಲ್ಲ ಭಾಷೆಯಲ್ಲೂ ‘ಶಿವಮೊಗ್ಗ’. ಅದಕ್ಕೂ ಹಿಂದಿನ ಇಂಗ್ಲಿಷ್ ದಾಖಲೆಗಳಲ್ಲಿ ‘ಶಿಮೊಗ’. ದಾಖಲೆ ಪರಿಶೀಲಿಸುವ ಮೇಜಿನ ಹಿಂದೆ ಕೂತವನಿಗೆ ಈ ಕಥೆಯೆಲ್ಲ ಬೇಡ. "ಹೆಸರು ಹೊಂದುವುದಿಲ್ಲ, ಅಫಿಡವಿಟ್ ತನ್ನಿ" ಎಂದರೆ ಅವನ ಕೆಲಸ ಮುಗಿಯಿತು. ನಮ್ಮ ಹುಡುಗ ಬಸ್ಸು ಹತ್ತಿ ನೋಟರಿಯನ್ನು ಹುಡುಕಬೇಕು.

ಎರಡನೆಯದು ಜಾತಿ, ಆದಾಯದ ಪತ್ರ. ಇಲ್ಲಿ ಎಡವಿದವರೇ ಹೆಚ್ಚು. ನಾಡಕಚೇರಿಯಲ್ಲಿ ಸಿಗುವ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಪತ್ರಗಳು ರಾಜ್ಯದ ಸೀಟುಗಳಿಗೆ. ಐ.ಐ.ಎಂ.ನಂಥ ಕೇಂದ್ರದ ಸಂಸ್ಥೆಗಳಿಗೆ ಅವು ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯಲ್ಲೇ ಹಿಂದುಳಿದ ವರ್ಗದ, ಕೆನೆಪದರಕ್ಕೆ ಸೇರಿಲ್ಲವೆಂಬ ಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ ಎಂಬುದನ್ನೂ ತಿಳಿದಿರಬೇಕು. ನಮ್ಮ ಮಕ್ಕಳಿಗೆ ಇದು ಗೊತ್ತಾಗುವುದು ಯಾವಾಗ? ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ, ಸೈಬರ್ ಸೆಂಟರಿನಲ್ಲಿ!

ಮೂರನೆಯದು ನಮ್ಮ ಹೊಟ್ಟೆ ಉರಿಸುವ ಸಂಗತಿ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸೀಟುಗಳಲ್ಲಿ ಮೀಸಲಾತಿ ಇದೆ. ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಹೋರಾಡಿ ಪಡೆದ ಹಕ್ಕು ಇದು. ಆದರೆ ಡಿಗ್ರಿ ಮುಗಿಸಿದ ಹುಡುಗಿ ತಾನು ಎಂದೋ ಬಿಟ್ಟ ಹಳ್ಳಿ ಶಾಲೆಗೆ ಮತ್ತೆ ಹೋಗಿ, ಹಳೆಯ ದಾಖಲಾತಿ ಪುಸ್ತಕ ತೆಗೆಸಿ, ಈ ಪತ್ರ ಬರೆಸಿಕೊಳ್ಳಬೇಕು. ಪ್ರಾಥಮಿಕ ಶಾಲೆ ಒಂದೂರು, ಪ್ರೌಢಶಾಲೆ ಇನ್ನೊಂದೂರು. ಬೇಸಿಗೆ ರಜೆಯಾದರೆ ಎರಡಕ್ಕೂ ಬೀಗ. "ಹೋಗಲಿ ಬಿಡು, ಸಾಮಾನ್ಯ ವರ್ಗದಲ್ಲೇ ಹಾಕೋಣ" ಎಂದು ಕೈಚೆಲ್ಲಿದವರನ್ನು ಕಂಡಿದ್ದೇವೆ. ಕನ್ನಡದಲ್ಲಿ ಓದಿದ್ದಕ್ಕೆ ಸಿಗಬೇಕಾದ ಸೀಟು ಹೀಗೆ ಒಂದು ಸಹಿಗೆ ಬಲಿ!

ಸ್ವಲ್ಪ ನಮ್ಮ ನೆಲವನ್ನು ನೆನೆಯಿರಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಿಂದ ಮಯೂರಶರ್ಮ ಗುರು ವೀರಶರ್ಮನ ಜೊತೆ ಉನ್ನತ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಅವಮಾನಗೊಂಡ. ಪುಸ್ತಕ ಬಿಟ್ಟು ಕತ್ತಿ ಹಿಡಿದ, ಬನವಾಸಿಯ ಕದಂಬ ರಾಜ್ಯ ಕಟ್ಟಿದ. ಇದನ್ನು ಹೇಳುವ ಕಂಬದ ಶಾಸನ ಇಂದಿಗೂ ತಾಳಗುಂದದಲ್ಲಿ ನಿಂತಿದೆ. ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠ ವ್ಯಾಕರಣ, ತರ್ಕ ಕಲಿಸುವ ದೊಡ್ಡ ವಿದ್ಯಾಕೇಂದ್ರವಾಗಿತ್ತು, ಹಸಿದು ಬಂದವರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಮದ್ದಿತ್ತು ಎಂದು 1162ರ ಶಾಸನ ಸಾರುತ್ತದೆ. ವಿದ್ಯೆ ಅರಸಿ ಬಂದವರಿಗೆ ಬಾಗಿಲು ತೆರೆದ ನೆಲದ ಮಕ್ಕಳು ಇಂದು ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದಾರೆ.

"ವ್ಯಾಪಾರದ ಭಾಷೆ ಇಂಗ್ಲಿಷು, ಮ್ಯಾನೇಜ್‌ಮೆಂಟ್ ಓದುವವನಿಗೆ ಕನ್ನಡ ಯಾಕೆ?" ಎಂದು ಕೇಳುವ ಮಹಾನುಭಾವರಿದ್ದಾರೆ. ಅವರು ಒಂದು ದಿನ ಅಡಿಕೆ ಮಂಡಿಗೆ ಬಂದು ಕೂರಲಿ. ರಾಶಿ ನೋಡಿ ದರ ಹೇಳುವುದು, ತೂಕ, ಮುಂಗಡ, ಬಡ್ಡಿ, ಬಾಕಿ ಎಲ್ಲ ಕನ್ನಡದಲ್ಲೇ ನಡೆಯುತ್ತದೆ. ಇಂಗ್ಲಿಷ್ ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಕಲಿಯಿರಿ, ಚೆನ್ನಾಗಿ ಕಲಿಯಿರಿ. ಆದರೆ ಇಂಗ್ಲಿಷನ್ನು ಬಾಗಿಲು ಕಾಯುವ ದ್ವಾರಪಾಲಕನನ್ನಾಗಿ ನಿಲ್ಲಿಸಬೇಡಿ.

ಡಾಕ್ಟರಾಗಲು ಬರೆಯುವ ನೀಟ್ 2017ರಿಂದ ಕನ್ನಡದಲ್ಲೂ ಇದೆ. ಎಂಜಿನಿಯರಿಂಗಿನ ಜೆ.ಇ.ಇ. ಮೇನ್ 2021ರಿಂದ ಕನ್ನಡದಲ್ಲೂ ಇದೆ. ಐ.ಎ.ಎಸ್. ಮುಖ್ಯ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಬಹುದು. ಜಿಲ್ಲೆ ಆಳುವವನಿಗೆ ಕನ್ನಡ ಸಾಕು, ಕಂಪನಿ ನಡೆಸುವವನಿಗೆ ಸಾಲದೆ? ಐ.ಐ.ಎಂ.ಗಳ ಕ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಅದು ದಿಲ್ಲಿಯ ಮಾತಾಯಿತು. ನಮ್ಮದೇ ಪರೀಕ್ಷಾ ಪ್ರಾಧಿಕಾರ ಎಂ.ಬಿ.ಎ.ಗೆ ನಡೆಸುವ ಪಿ.ಜಿ.ಸಿ.ಇ.ಟಿ.ಯೂ ಇಂಗ್ಲಿಷಿನಲ್ಲೇ! 1973ರಲ್ಲಿ ಹುಟ್ಟಿ, ಆಮೇಲೆ ಬನ್ನೇರುಘಟ್ಟ ರಸ್ತೆಯಲ್ಲಿ ಕರ್ನಾಟಕ ಸರ್ಕಾರ ಕೊಟ್ಟ ಜಾಗಕ್ಕೆ ಬಂದ ಸಂಸ್ಥೆಯನ್ನು, ಊರು ಬೆಂಗಳೂರಾದ ಮೂರು ವರ್ಷದ ಮೇಲೆ, 2017ರ ಐ.ಐ.ಎಂ. ಕಾಯ್ದೆಯಲ್ಲೂ ‘ಬ್ಯಾಂಗಲೋರ್’ ಎಂದೇ ಬರೆದರು. ಊರಿನ ಹೆಸರಿಗೇ ಈ ಗತಿಯಾದರೆ ಊರಿನ ಮಕ್ಕಳ ಗತಿ ಏನು?

ಕೂಗಾಟದ ಜೊತೆಗೆ ಕೆಲಸವೂ ಆಗಬೇಕು. ವಿದ್ಯಾರ್ಥಿಗಳೇ, ಹೆತ್ತವರೇ, ಇವಿಷ್ಟನ್ನು ಈಗಲೇ ಮಾಡಿ.

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಳ್ಳಿ. ಅದರಲ್ಲಿರುವ ಹೆಸರಿನ ಅಕ್ಷರಕ್ಕೆ ಆಧಾರ್, ಪಾನ್ ಎಲ್ಲವನ್ನೂ ಸರಿಹೊಂದಿಸಿ. ಡಿಗ್ರಿಯ ಎರಡನೇ ವರ್ಷದಲ್ಲೇ ಇದು ಮುಗಿಯಬೇಕು. ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ, ಪರೀಕ್ಷೆ ನವೆಂಬರ್ ಕೊನೆಗೆ. ಡಿಗ್ರಿಯಲ್ಲಿ ಶೇಕಡಾ 50 ಅಂಕ ಬೇಕು, ಪರಿಶಿಷ್ಟರಿಗೆ, ಅಂಗವಿಕಲರಿಗೆ 45. ಬೆಂಗಳೂರಿನದೂ ಸೇರಿ ಹಲವು ಐ.ಐ.ಎಂ.ಗಳು ಸಂದರ್ಶನಕ್ಕೆ ಕರೆಯುವಾಗ ಹತ್ತನೇ ತರಗತಿಯ, ಪಿ.ಯು.ಸಿ.ಯ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಆ ಅಂಕಪಟ್ಟಿಗಳು ಕಳೆದಿದ್ದರೆ ನಕಲಿಗೆ ಇಂದೇ ಅರ್ಜಿ ಹಾಕಿ. ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿದ ಪತ್ರವನ್ನು ಹಾಗೇ ಕಳಿಸಬೇಡಿ, ಆಚೆ ಕಡೆಯ ಕಂಪ್ಯೂಟರಿನಲ್ಲಿ ಅದು ಕಾಗೆ ಕಾಲು ಗುಬ್ಬಿ ಕಾಲು ಆಗಿರುತ್ತದೆ. ಪಿ.ಡಿ.ಎಫ್. ಮಾಡಿಸಿ, ಇಲ್ಲವೇ ಯೂನಿಕೋಡಿನಲ್ಲಿ ಕೊಡಿ.

ಕೆಲವು ಸಂಸ್ಥೆಗಳು ‘ಯಾಕೆ ಓದಬೇಕೆಂದಿದ್ದೀರಿ’ ಎಂದು ಬರೆದು ಕೊಡಲು ಕೇಳುತ್ತವೆ. ದಯಮಾಡಿ ಸೀನಿಯರ್ ಬರೆದದ್ದನ್ನು ಜೆರಾಕ್ಸ್ ಹೊಡೆಸಬೇಡಿ. ಮೊದಲು ಕನ್ನಡದಲ್ಲಿ ಬರೆಯಿರಿ. ಅಪ್ಪ ಶುಂಠಿ ಬೆಳೆದು ದರ ಬಿದ್ದ ವರ್ಷ ಸಾಲಗಾರನಾದದ್ದು, ಸೊರಬದ ಅನಾನಸ್ ತೋಟದ ದರಕ್ಕೂ ಪೇಟೆಯ ದರಕ್ಕೂ ನಡುವೆ ಯಾರ ಜೇಬು ತುಂಬುತ್ತದೆಂದು ನಿಮಗೆ ಹುಟ್ಟಿದ ಪ್ರಶ್ನೆ, ಇದಕ್ಕಿಂತ ಒಳ್ಳೆಯ ಕಾರಣ ಯಾವ ಪೇಟೆ ಹುಡುಗನ ಬಳಿ ಇದೆ? ಆಮೇಲೆ ಅದನ್ನು ಸರಳ ಇಂಗ್ಲಿಷಿಗೆ ತನ್ನಿ. ಅಪ್ಪ ಅಮ್ಮನಿಗೆ ಓದಿ ಹೇಳಿ. ಲಗ್ನಪತ್ರಿಕೆಯಂತೆ ಮೂರು ಸಲ ಪ್ರೂಫ್ ನೋಡಿ!

ಇನ್ನು ಸರ್ಕಾರಕ್ಕೆ ನಮ್ಮ ಮಾತು. ನಾವು ಕೇಳುವುದು ಮೂರೇ. ಒಂದು, ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗ ಪತ್ರವನ್ನು ಹತ್ತನೇ ತರಗತಿಯ ಅಂಕಪಟ್ಟಿಯ ಜೊತೆಯಲ್ಲೇ ಮೇಲುಸಹಿ ಮಾಡಿ ಶಾಲೆಯಲ್ಲೇ ಕೊಡಿ. ಎರಡು, ಎಂ.ಬಿ.ಎ. ಪಿ.ಜಿ.ಸಿ.ಇ.ಟಿ. ಪ್ರಶ್ನೆಪತ್ರಿಕೆಯನ್ನು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಅಚ್ಚು ಹಾಕಿಸಿ, ಕ್ಯಾಟ್ ಕನ್ನಡದಲ್ಲೂ ಬರಲೆಂದು ದಿಲ್ಲಿಗೆ ಬರೆಯಿರಿ. ಮೂರು, ಅರ್ಜಿಯ ತಿಂಗಳುಗಳಲ್ಲಿ ಎರಡೂ ತಾಲ್ಲೂಕಿನ ಸರ್ಕಾರಿ ಕಾಲೇಜುಗಳಲ್ಲಿ ಕನ್ನಡದಲ್ಲಿ ತಿಳಿಹೇಳುವ ಒಬ್ಬ ಸಿಬ್ಬಂದಿಯನ್ನು ಕೂರಿಸಿ. ಕನ್ನಡ ಮಾಧ್ಯಮದವರಿಗೆ ಉನ್ನತ, ವೃತ್ತಿಪರ ಶಿಕ್ಷಣದಲ್ಲಿ ಮೀಸಲಾತಿ ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರಲ್ಲೇ ಬರೆದಿದ್ದೀರಿ. ಬರೆದದ್ದು ಕೈಗೆ ಸಿಗಲಿ.

ಇವು ಅನಾಥ ತಾಲ್ಲೂಕುಗಳಲ್ಲ. ಸೊರಬ ಬಂಗಾರಪ್ಪನವರನ್ನು, ಶಿಕಾರಿಪುರ ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಕುರ್ಚಿಗೆ ಕಳಿಸಿವೆ. ಹಳ್ಳಿ ಮಕ್ಕಳಿಗಾಗಿ ಗ್ರಾಮೀಣ ಕೃಪಾಂಕದ ಮಾತೆತ್ತಿದ್ದು ಬಂಗಾರಪ್ಪನವರ ಸರ್ಕಾರ. 2023ರಲ್ಲಿ ಅವರ ಮಗ ಮಧು ಬಂಗಾರಪ್ಪ ಶಾಲಾ ಶಿಕ್ಷಣದ ಸಚಿವರಾದರು. ಮೊದಲ ಬೇಡಿಕೆಗೆ ಬೇಕಾದದ್ದು ಆ ಇಲಾಖೆಯ ಒಂದು ಸುತ್ತೋಲೆ. ಖಜಾನೆಗೆ ಹೊರೆಯಿಲ್ಲ, ಕೋರ್ಟಿನ ಭಯವಿಲ್ಲ.

ಬಂಧುಗಳೇ, ಈ ಪುಟವನ್ನು ಓದಿ ಮಡಿಚಿಡಬೇಡಿ. ನಿಮ್ಮ ಕೇರಿಯಲ್ಲಿ ಡಿಗ್ರಿ ಓದುವ ಹುಡುಗಿಗೆ ಕೊಡಿ. ಊರಿನ ಶಾಲೆಯ ಹೆಡ್‌ಮಾಸ್ಟರಿಗೆ ತೋರಿಸಿ. ನಾಳೆಯೇ ಒಂದು ಪತ್ರಕ್ಕೆ ಅರ್ಜಿ ಹಾಕಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಕೊಡದಿದ್ದರೆ ಗುಂಪಾಗಿ ಹೋಗಿ ಕೇಳೋಣ. ಭಿಕ್ಷೆಯಲ್ಲ, ನಮ್ಮ ಹಕ್ಕು.

ಸಿರಿಗನ್ನಡಂ ಗೆಲ್ಗೆ!