ಚಿಕ್ಕಿಯಲ್ಲಿ ಬೆಲ್ಲ ಇಳಿಯಲಿ, ಕಡಲೆಬೀಜ ಏರಲಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಖುಷ್ಕಿ ರೈತರಿಗೆ ಕಡಲೆಕಾಯಿ ಬಹುಕಾಲದಿಂದ ಹಣ ತರುವ ಬೆಳೆ. ಅದರ ಬೀಜ ಗಾಣಕ್ಕೂ ಹೋಗುತ್ತದೆ, ಚಿಕ್ಕಿಯಾಗಿ ಪೊಟ್ಟಣವನ್ನೂ ಸೇರುತ್ತದೆ. ಈ ಎರಡನೆಯ ದಾರಿಗೆ 2025ರ ಆರಂಭದಲ್ಲಿ ಅಡ್ಡಿ ಬಂದಿತು. ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ಕೊಡಿಸುತ್ತಿದ್ದ ರಾಜ್ಯದ ಶಿಕ್ಷಣ ಇಲಾಖೆಯು ಚಿಕ್ಕಿಯನ್ನು ನಿಲ್ಲಿಸಿತು. ಅದರಲ್ಲಿ ಕೊಬ್ಬು ಮತ್ತು ಸಕ್ಕರೆ ಹೆಚ್ಚೆಂಬುದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು.

ಕೊಬ್ಬಿನ ಆಕ್ಷೇಪಣೆಗೆ ಉತ್ತರವಿದೆ. ಕಡಲೆಬೀಜದ ಕೊಬ್ಬಿನಲ್ಲಿ ಬಹುಪಾಲು ಅಪರ್ಯಾಪ್ತ ಜಾತಿಯದು. ಹಿತಮಿತವಾಗಿ ತಿಂದರೆ ಕೆಡುಕಿಲ್ಲ. ಅಲ್ಲದೆ 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಸಕ್ಕರೆಯ ಮಾತು ಹಾಗಲ್ಲ. ‘ನಾವು ಬೆಲ್ಲ ಬಳಸಿದ್ದೇವೆ’ ಎಂದರೆ ಸಾಲದು. ಬೆಲ್ಲದಲ್ಲಿಯೂ ಬಹುಭಾಗ ಸಕ್ಕರೆಯೇ.

ಸಿಹಿ ಇಳಿಸಿದರೆ ಗಿರಾಕಿ ಕೈಬಿಡುವನೇ? ಬ್ರಿಟನ್ನಿನ ಅನುಭವ ನೋಡಬಹುದು. ಅಲ್ಲಿ 2018ರ ಏಪ್ರಿಲ್‌ನಿಂದ, 100 ಮಿ.ಲೀ.ಗೆ 5 ಗ್ರಾಂ ಅಥವಾ ಹೆಚ್ಚು ಸಕ್ಕರೆಯಿರುವ ತಂಪು ಪಾನೀಯಗಳಿಗೆ ತೆರಿಗೆ ಹಾಕಲಾಯಿತು. ಕಂಪನಿಗಳು ಸಕ್ಕರೆ ಇಳಿಸಿದವು. 2015ರಿಂದ 2019ರೊಳಗೆ ಈ ಪಾನೀಯಗಳ ಸಕ್ಕರೆ ಸರಾಸರಿ ಶೇ. 40ಕ್ಕೂ ಹೆಚ್ಚು ಕಡಿಮೆಯಾಯಿತು. ಮಾರಾಟ ಮಾತ್ರ ಇಳಿಯದೆ ಏರಿತು. ಆದರೆ ಅಲ್ಲಿ ಹಲವರು ಕೃತಕ ಸಿಹಿ ಬೆರೆಸಿದರು. ಚಿಕ್ಕಿಗೆ ಆ ಉಪಾಯ ನಡೆಯದು. ಬೀಜವನ್ನು ಹಿಡಿದಿಡುವುದೇ ಪಾಕ. ಪಾಕ ತೀರ ಕಡಿಮೆಯಾದರೆ ಚಿಕ್ಕಿ ಪುಡಿಯಾಗುತ್ತದೆ.

ಆದ್ದರಿಂದ ಒಮ್ಮೆಲೇ ಇಳಿಸದೆ ಸ್ವಲ್ಪ ಸ್ವಲ್ಪವಾಗಿ ಬೆಲ್ಲ ತಗ್ಗಿಸಿ, ಆ ತೂಕಕ್ಕೆ ಹದವಾಗಿ ಹುರಿದ ಬೀಜ ಸೇರಿಸುವುದು ಲೇಸು. ನಾಲಿಗೆ ಕಡಿಮೆ ಸಿಹಿಗೆ ನಿಧಾನವಾಗಿ ಒಗ್ಗುತ್ತದೆ. ಹುರಿದ ಬೀಜದ ಘಮವೂ ರುಚಿ ಕಾಯುತ್ತದೆ. ಬೀಜದ ಬೆಲೆ ಬೆಲ್ಲಕ್ಕಿಂತ ಹೆಚ್ಚಾದ್ದರಿಂದ ಖರ್ಚು ಏರುವುದು ನಿಜ. ಆದರೆ ಆ ಹೆಚ್ಚಿನ ಹಣ ಕಡಲೆಕಾಯಿ ಬೆಳೆದವರ ಕಡೆಗೇ ಹರಿಯುತ್ತದೆಂಬುದನ್ನು ರೈತ ಬಾಂಧವರು ಮರೆಯಬಾರದು.

ಚಿಕ್ಕಿ ಮಾಡುವ ಮಹಿಳಾ ಸಂಘಗಳು ಎರಡು ಮೂರು ಬಗೆಯ ಪಾಕದಲ್ಲಿ ಸ್ವಲ್ಪ ಸ್ವಲ್ಪ ತಯಾರಿಸಿ, ಮೊದಲು ಸಂತೆಯಲ್ಲಿ ಮಾರಿ ನೋಡಲಿ. ಜನ ಯಾವುದನ್ನು ಎರಡನೆಯ ವಾರವೂ ಕೇಳಿ ಕೊಳ್ಳುತ್ತಾರೋ ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಸಕ್ಕರೆಯ ಅಂಕಿಯನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಿಸಲಿ. ಇಲಾಖೆಯ ಮುಂದೆ ಹೋಗುವಾಗ ಬರಿಯ ಮನವಿ ಪತ್ರಕ್ಕಿಂತ ಆ ಪೊಟ್ಟಣಕ್ಕೆ ಬೆಲೆ ಹೆಚ್ಚು.