ಅಮ್ಮನನ್ನೂ ಒಂದು ಮಾತು ಕೇಳಿ

ಕಳೆದ ವರ್ಷ ಅಕ್ಕನ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ನನಗೆ ಅವಳನ್ನೂ ಮಗುವನ್ನೂ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಬಿತ್ತು. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೋದಾಗ ಮಗುವಿನ ತೂಕ ನೋಡಿ, 'ಸಾಲದು, ಸರಿಯಾಗಿ ಹಾಲು ಕುಡಿಸಮ್ಮ' ಎಂದರು. ಅಕ್ಕ ತಲೆಯಾಡಿಸಿದಳು. ಅವಳು ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ಯಾರೂ ಕೇಳಲಿಲ್ಲ. ಗೊತ್ತಿದ್ದ ನಾನೂ ಹೇಳಲಿಲ್ಲ.

ಅಕ್ಕನಿಗೆ ಅದು ಎರಡನೇ ಹೆರಿಗೆ. ಮೊದಲ ಮಗು ಮೂರೇ ದಿನಕ್ಕೆ ಹೋಗಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈ ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಲೇ ಅವಳು ಬೆಳಗು ಮಾಡುತ್ತಿದ್ದಳು. ಅತ್ತರೆ, 'ಬಾಣಂತಿ ಅಳಬಾರದು' ಎಂದು ಅಜ್ಜಿ ಗದರುತ್ತಿದ್ದರು.

ಎರಡೂವರೆ ತಿಂಗಳ ಚುಚ್ಚುಮದ್ದಿನ ದಿನ ಇನ್ನೊಬ್ಬ ಸಿಸ್ಟರ್ ಇದ್ದರು. ಅಕ್ಕನ ಮುಖ ನೋಡಿ, ನನ್ನನ್ನು ಹೊರಗೆ ಕಳಿಸಿ, 'ನೀನು ಹೇಗಿದ್ದೀಯಮ್ಮ?' ಎಂದು ಕೇಳಿದರಂತೆ. ಅಕ್ಕ ಅತ್ತದ್ದು ಹೊರಗಿದ್ದ ನನಗೂ ಕೇಳಿಸಿತು. ಅಲ್ಲಿಂದ ಮನೋವೈದ್ಯರ ಬಳಿ ಹೋದೆವು. ಗುಣವಾಗಲು ತಿಂಗಳುಗಳೇ ಹಿಡಿದವು. ಆದರೆ ದಾರಿ ತೆರೆದದ್ದು ಆ ಒಂದು ಪ್ರಶ್ನೆ.

ಇಂಥ ಪ್ರಶ್ನೆ ಒಬ್ಬ ಸಿಸ್ಟರ್‌ನ ಒಳ್ಳೆಯ ಮನಸ್ಸಿಗೆ ಬಿಟ್ಟ ವಿಷಯ ಆಗಬಾರದು ಎಂಬುದು ನನ್ನ ವಾದ. ಹೆರಿಗೆಯ ನಂತರದ ಖಿನ್ನತೆ ಗುರುತಿಸಲು 10 ಪ್ರಶ್ನೆಗಳ ಎಡಿನ್‌ಬರೋ ಮಾಪನ 1987ರಿಂದಲೂ ಇದೆ, ಕನ್ನಡದಲ್ಲೂ ಇದೆ. ಮಗುವಿನ ತಪಾಸಣೆಗೆ ಬಂದ ತಾಯಿಯ ಮನಸ್ಸನ್ನೂ ವಿಚಾರಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಫಾರಸು ಮಾಡಿದೆ. ಬಾಲ್ಯದ ಕಹಿ ಅನುಭವಗಳು ದೊಡ್ಡವರಾದ ಮೇಲೂ ಆರೋಗ್ಯವನ್ನು ಕಾಡುತ್ತವೆ ಎಂಬುದನ್ನು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹೆತ್ತವರ ಹಳೆಯ ಗಾಯ ಮಾಯದಿದ್ದರೆ ಅದರ ನೋವು ತೊಟ್ಟಿಲವರೆಗೂ ಬರುತ್ತದೆ. ಅಪ್ಪಂದಿರೂ ಇದಕ್ಕೆ ಹೊರತಲ್ಲ.

'ಸರತಿ ಸಾಲು ಬಾಗಿಲಾಚೆಗಿರುವಾಗ ಇದಕ್ಕೆಲ್ಲ ಸಮಯ ಎಲ್ಲಿ?' ಎನ್ನಬಹುದು. ಹತ್ತೂ ಪ್ರಶ್ನೆ ಬೇಡ. 'ಎರಡು ವಾರದಿಂದ ಮನಸ್ಸು ಕುಗ್ಗಿದೆಯೇ? ಯಾವುದರಲ್ಲೂ ಆಸಕ್ತಿ ಇಲ್ಲವೇ?' ಎಂಬ ಎರಡರಿಂದ ಶುರು ಮಾಡಬಹುದು. ಹೌದು ಎಂದವರನ್ನು ಮಾತ್ರ ಮುಂದೆ ವಿಚಾರಿಸಿದರೆ ಸಾಕು. ಮೂರೂವರೆ ತಿಂಗಳೊಳಗೆ ಮೂರು ಬಾರಿ ಚುಚ್ಚುಮದ್ದಿಗೆ ತಾಯಿ ತಾನಾಗಿಯೇ ಬರುತ್ತಾಳೆ. ಅವಳನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಆದರೆ ನನ್ನದೂ ಮೂರು ಷರತ್ತುಗಳಿವೆ. ಅತ್ತೆ, ಗಂಡನ ಎದುರು ಕೇಳಿದರೆ 'ಚೆನ್ನಾಗಿದ್ದೀನಿ' ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಒಬ್ಬಳೇ ಇದ್ದಾಗ ಕೇಳಬೇಕು. ಉತ್ತರವನ್ನು ಮನೆಯವರೆಲ್ಲ ಓದುವ ಕಾರ್ಡಿನಲ್ಲಿ ಬರೆಯಬಾರದು, ಇಲ್ಲದಿದ್ದರೆ 'ಹುಚ್ಚಿ' ಎಂಬ ಪಟ್ಟ ಖಚಿತ. ಹಳೆಯ ನೋವನ್ನು ಕೆದಕಿ ಕೈಬಿಡುವುದಂತೂ ಕೇಳದಿರುವುದಕ್ಕಿಂತ ಕೆಟ್ಟದ್ದು. ಮುಂದೆ ಯಾರ ಬಳಿ ಹೋಗಬೇಕು ಎಂದು ಅಲ್ಲೇ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಟೆಲಿ ಮಾನಸ್‌ನ 14416 ಉಚಿತ ಸಹಾಯವಾಣಿ. ಅಕ್ಕ ನಿದ್ದೆಗೆಟ್ಟಿದ್ದಾಗ ಆ ಸಂಖ್ಯೆ ನನಗೆ ಗೊತ್ತಿರಲಿಲ್ಲ.

ವ್ಯವಸ್ಥೆ ಬದಲಾಗುವವರೆಗೆ ಕಾಯಬೇಕಿಲ್ಲ. ಗೆಳೆಯರೇ, ಮನೆಗೆ ಬಾಣಂತಿ ಬಂದರೆ ನಾವು ಮಗುವಿನ ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವೆ. ಅದಕ್ಕೂ ಮೊದಲು ಪಕ್ಕದಲ್ಲಿ ಕೂತು, 'ಅಕ್ಕ, ನೀನು ಹೇಗಿದ್ದೀಯ?' ಎಂದು ಕೇಳೋಣ. ಉತ್ತರ ಬರುವವರೆಗೂ ಅಲ್ಲೇ ಕೂತಿರೋಣ.